ಪಾಲು ಎಂದರು, ಒಡೆದರು

ಗಾಜು ಚೂರುಚೂರಾದರೆ ಇಂಗ್ಲಿಷಿನಲ್ಲಿ ಶ್ಯಾಟರ್. ಗೋಡೆ ಬಿರುಕು ಬಿಟ್ಟರೆ ಕ್ರ್ಯಾಕ್, ಕಟ್ಟಿಗೆ ಸೀಳಿದರೆ ಸ್ಪ್ಲಿಟ್, ಬಟ್ಟೆ ಹರಿದರೆ ಟೇರ್, ಒಣಕಡ್ಡಿ ಲಟಕ್ಕನೆ ಮುರಿದರೆ ಸ್ನ್ಯಾಪ್. ಎಲ್ಲಕ್ಕೂ ಒದಗುವ ಬ್ರೇಕ್ ಇದ್ದೇ ಇದೆ. ಕನ್ನಡವೂ ಈ ವಿಷಯದಲ್ಲಿ ಬಡವಲ್ಲ: ಮಡಕೆ ಒಡೆಯುತ್ತದೆ, ಕೋಲು ಮುರಿಯುತ್ತದೆ, ದಾರ ಹರಿಯುತ್ತದೆ. ಇವೆಲ್ಲ ಕಣ್ಣಿಗೆ ಕಾಣುವ, ಕಿವಿಗೆ ಕೇಳಿಸುವ ಪದಗಳು. ಆದರೆ ಒಂದು ನಾಡನ್ನೇ ಸೀಳಿದಾಗ ಇಂಗ್ಲಿಷಿನ ಸರ್ಕಾರಿ ಕಾಗದಗಳಲ್ಲಿ ಈ ಪದಗಳು ಮಾಯವಾಗುತ್ತವೆ. ಅಲ್ಲಿ ಬಂದು ಕೂರುವುದು ಪಾರ್ಟಿಷನ್.

ಇದಕ್ಕೆ ಹಳೆಯ ಕಾರಣವಿದೆ. 1066ರಲ್ಲಿ ನಾರ್ಮನ್ನರು ಇಂಗ್ಲೆಂಡನ್ನು ಗೆದ್ದ ಮೇಲೆ ಅಲ್ಲಿನ ನ್ಯಾಯಾಲಯಗಳಲ್ಲಿ ಶತಮಾನಗಳ ಕಾಲ ಫ್ರೆಂಚ್ ಮತ್ತು ಲ್ಯಾಟಿನ್ ನಡೆದವು. ಹೊಲ, ಮನೆ, ಅಡುಗೆಕೋಣೆಗಳ ಒಡಕಿಗೆ ಊರಿನ ಪದಗಳು ಉಳಿದವು. ಆಸ್ತಿಯ ಒಡಕಿಗೆ ಕೋರ್ಟಿನ ಪದಗಳು ಬಂದವು. ಪಾರ್ಟಿಷನ್‌ನ ಬೇರು ಲ್ಯಾಟಿನ್ನಿನ 'ಪಾರ್ಸ್', ಅಂದರೆ ಪಾಲು. ಎಂಟನೇ ಹೆನ್ರಿಯ ಕಾಲದ 1539ರ ಕಾಯ್ದೆಯೊಂದು, ಜಂಟಿಯಾಗಿ ಭೂಮಿ ಹೊಂದಿದವರಲ್ಲಿ ಒಬ್ಬ ಕೇಳಿದರೆ ಪಾಲು ಮಾಡಲೇಬೇಕು ಎಂದಿತು. ನಮ್ಮಲ್ಲೂ 1893ರ ಪಾರ್ಟಿಷನ್ ಆಕ್ಟ್ ಇವತ್ತಿಗೂ ಜಾರಿಯಲ್ಲಿದೆ. ಹಾಗಾಗಿ ಈ ಪದದ ಹೊಟ್ಟೆಯಲ್ಲಿ ಎರಡು ನಂಬಿಕೆಗಳಿವೆ. ಒಂದು, ಆಸ್ತಿ ಜಂಟಿಯಾದದ್ದು. ಎರಡು, ಪಾಲು ಮಾಡಿಕೊಳ್ಳುತ್ತಿರುವವರೇ ಅದರ ವಾರಸುದಾರರು.

ಈ ಪದ ಕನ್ನಡದ ನೆಲದ ಮೇಲೆ ಬಿದ್ದದ್ದು 1799ರಲ್ಲಿ. ಮೇ 4ರಂದು ಶ್ರೀರಂಗಪಟ್ಟಣದಲ್ಲಿ ಟಿಪ್ಪು ಸತ್ತ. ಜೂನ್ 22ರಂದು ಈಸ್ಟ್ ಇಂಡಿಯಾ ಕಂಪನಿಯೂ ಹೈದರಾಬಾದಿನ ನಿಜಾಮನೂ ಒಂದು ಒಪ್ಪಂದ ಮಾಡಿಕೊಂಡರು. ಅದಕ್ಕೆ ಇತಿಹಾಸದಲ್ಲಿ ಉಳಿದ ಹೆಸರು ಪಾರ್ಟಿಷನ್ ಟ್ರೀಟಿ ಆಫ್ ಮೈಸೂರ್. ಕಂಪನಿಗೆ ಕೆನರಾ, ಕೊಯಮತ್ತೂರು, ಶ್ರೀರಂಗಪಟ್ಟಣದ ದ್ವೀಪ. ನಿಜಾಮನಿಗೆ ಗುತ್ತಿ, ಗುರ್ರಂಕೊಂಡದ ಕಡೆ. ಪೇಶ್ವೆಗೆಂದು ಕೆಲವು ಷರತ್ತುಗಳೊಂದಿಗೆ ಒಂದು ತುಂಡು ಎತ್ತಿಟ್ಟಿದ್ದರು. ಅವನು ಒಪ್ಪದಿದ್ದಾಗ ಅದನ್ನೂ ಇಬ್ಬರೇ ಹಂಚಿಕೊಂಡರು. ಉಳಿದ ಮೈಸೂರಿಗೆ ಐದು ತುಂಬದ ಕೃಷ್ಣರಾಜ ಒಡೆಯರನ್ನು ಅರಸರನ್ನಾಗಿ ಕೂರಿಸಿದರು. ಪಾಲುಪಟ್ಟಿಯಲ್ಲಿ ಆ ಮಗುವಿನ ಕಡೆಯವರ ಸಹಿ ಇಲ್ಲ. ಅವರೊಡನೆ ಬೇರೆಯೇ ಒಪ್ಪಂದ ಆದದ್ದು ಜುಲೈನಲ್ಲಿ. ಯುದ್ಧದಲ್ಲಿ ಗೆದ್ದವರು ಲೂಟಿ ಹಂಚಿಕೊಂಡರು ಎನ್ನಬೇಕಾದ ಕಡೆ, ಅಣ್ಣತಮ್ಮಂದಿರು ಮನೆ ಪಾಲು ಮಾಡಿಕೊಂಡಂತೆ ಕಾಣುವ ಪದ ನಿಂತಿತು.

ಮರುವರ್ಷ ಇನ್ನೊಂದು ಪದ ಬಂತು. ಕಂಪನಿಯ ಸೈನ್ಯದ ಖರ್ಚಿಗೆಂದು ನಿಜಾಮ ತನಗೆ ಬಂದಿದ್ದ ಪಾಲನ್ನು 1800ರಲ್ಲಿ ಕಂಪನಿಗೇ ಬಿಟ್ಟುಕೊಟ್ಟ. ಬಳ್ಳಾರಿ, ಅನಂತಪುರ, ಕಡಪದ ಸೀಮೆಗೆ ಸೀಡೆಡ್ ಡಿಸ್ಟ್ರಿಕ್ಟ್ಸ್ ಎಂಬ ಹೆಸರು ಬಿತ್ತು. ಸೀಡೆಡ್ ಎಂದರೆ ಬಿಟ್ಟುಕೊಟ್ಟದ್ದು. ತೆಲುಗಿನಲ್ಲಿ ಅದು ದತ್ತ ಮಂಡಲವಾಯಿತು. ಲಕ್ಷಾಂತರ ಜನ ತಾವು ಯಾರೋ ಯಾರಿಗೋ ಕೊಟ್ಟ ವಸ್ತು ಎಂಬ ಹೆಸರಿನಲ್ಲೇ ನೂರಿಪ್ಪತ್ತು ವರ್ಷಕ್ಕೂ ಹೆಚ್ಚು ಬದುಕಿದರು. 1928ರಲ್ಲಿ ನಂದ್ಯಾಲದಲ್ಲಿ ಸೇರಿದ ಸಭೆಯಲ್ಲಿ ಆ ಹೆಸರನ್ನು ಕಳಚಿ, ರಾಯಲಸೀಮೆ ಎಂದು ಕರೆದುಕೊಂಡರು. ನೆಲ ಯಾರ ಕೈಯಲ್ಲಿದೆ ಎಂಬುದು ಅಂದು ಬದಲಾಗಲಿಲ್ಲ. ಹೆಸರು ಮಾತ್ರ ಬದಲಾಯಿತು. ಅದೂ ಸಣ್ಣ ಕೆಲಸವಲ್ಲ.

ಬಂಗಾಳದಲ್ಲಿ ಈ ಆಟ ಇನ್ನೂ ಸ್ಪಷ್ಟವಾಗಿ ಕಾಣುತ್ತದೆ. ಪ್ರಾಂತ್ಯ ತುಂಬಾ ದೊಡ್ಡದು, ಆಡಳಿತಕ್ಕೆ ಕಷ್ಟ ಎಂದು ಹೇಳಿ ಕರ್ಜನ್ 1905ರ ಅಕ್ಟೋಬರ್ 16ರಂದು ಅದನ್ನು ಎರಡು ಮಾಡಿದ. ಹೊರಗೆ ಹೇಳಿದ ಪದ ಪಾರ್ಟಿಷನ್. ಆದರೆ ಹಿಂದಿನ ವರ್ಷ ಸರ್ಕಾರದ ಗೃಹ ಕಾರ್ಯದರ್ಶಿ ರಿಸ್ಲೆ ಬರೆದ ಒಳಟಿಪ್ಪಣಿಯಲ್ಲಿ ಸುತ್ತುಬಳಸು ಇಲ್ಲ: ನಮ್ಮ ಆಳ್ವಿಕೆಯ ವಿರೋಧಿಗಳ ಒಗ್ಗಟ್ಟನ್ನು ಸೀಳಿ ದುರ್ಬಲಗೊಳಿಸುವುದು ಮುಖ್ಯ ಗುರಿಗಳಲ್ಲೊಂದು ಎಂಬ ಅರ್ಥದ ಮಾತಿದೆ. ಅಲ್ಲಿ ಅವನು ಬಳಸಿದ್ದು ಸ್ಪ್ಲಿಟ್, ಕಟ್ಟಿಗೆಗೆ ಬಳಸುವ ಅದೇ ಪದ! ಜನರೆದುರಿಗೆ ಕೋರ್ಟಿನ ಪದ, ಕಡತದೊಳಗೆ ಕೊಡಲಿಯ ಪದ. ಬಂಗಾಳದ ಜನ ಆ ಕಡತವನ್ನು ಓದದೆಯೇ ಅದಕ್ಕೆ ಸರಿಯಾದ ಹೆಸರಿಟ್ಟರು: ಬಂಗಭಂಗ. ಭಂಗ ಎಂದರೆ ಮುರಿಯುವುದು. 1911ರಲ್ಲಿ ದೆಹಲಿ ದರ್ಬಾರಿನಲ್ಲಿ ಸರ್ಕಾರ ಆ ತೀರ್ಮಾನವನ್ನು ಹಿಂತೆಗೆದುಕೊಳ್ಳಬೇಕಾಯಿತು.

1947ಕ್ಕೆ ಬಂದರೆ ವಿಷಯ ಇಷ್ಟು ಸರಳವಲ್ಲ. ಉತ್ತರದ ಜನ ಅದನ್ನು ಬಟವಾರಾ ಎಂದರು. ಅದೂ ಮನೆಯ ಪಾಲಿನ ಪದವೇ. ಈ ಸಲ ಪಾಲು ಕೇಳಿದವರು ಇದೇ ಮನೆಯವರು. ಪಾರ್ಟಿಷನ್ ಕೌನ್ಸಿಲ್ ಕೂತು ಖಜಾನೆಯ ನಗದಿನಲ್ಲಿ ಪಾಕಿಸ್ತಾನಕ್ಕೆ ಶೇ. 17.5 ಎಂದು ಲೆಕ್ಕ ಹಾಕಿತು. ಕಚೇರಿಯ ಮೇಜು, ಕುರ್ಚಿಗಳೂ ಪಾಲಾದವು. ಗಡಿ ಎಳೆಯಲು ಜುಲೈ 8ರಂದು ಬಂದಿಳಿದ ವಕೀಲ ರ‍್ಯಾಡ್‌ಕ್ಲಿಫ್ ಅದಕ್ಕೆ ಮೊದಲು ಭಾರತವನ್ನು ನೋಡಿರಲಿಲ್ಲ. ಅವನ ತೀರ್ಪು ಹೊರಬಿದ್ದದ್ದು ಆಗಸ್ಟ್ 17ರಂದು, ಸ್ವಾತಂತ್ರ್ಯ ಬಂದು ಎರಡು ದಿನ ಕಳೆದ ಮೇಲೆ. ಅದರ ಹೆಸರು ಅವಾರ್ಡ್. ಪಂಚಾಯಿತಿಯ ತೀರ್ಪಿಗೂ ಬಹುಮಾನಕ್ಕೂ ಇಂಗ್ಲಿಷಿನಲ್ಲಿ ಅದೊಂದೇ ಪದ. ಆ ಗೆರೆಯ ಎರಡೂ ಬದಿಯಲ್ಲಿ ಒಂದು ಕೋಟಿಗೂ ಹೆಚ್ಚು ಜನ ಮನೆ ಬಿಟ್ಟು ನಡೆದರು. ಕುರ್ಚಿಯ ಲೆಕ್ಕಕ್ಕೆ ಸಲ್ಲುವ ಪದ ಅವರ ಪಾಡಿಗೆ ಸಾಲಲಿಲ್ಲ.

ಹಾಗೆಂದು ಪಾಲು ಎಂಬ ಪದವೇ ಸುಳ್ಳಲ್ಲ. ಅದು ಕಿವಿಗೆ ಬಿದ್ದಾಗ ಕೇಳಬೇಕಾದ್ದು ಎರಡೇ ಪ್ರಶ್ನೆ: ಪಾಲು ಮಾಡಿದವರು ಯಾರು? ಆ ಮನೆಯಲ್ಲಿ ಇದ್ದವರನ್ನು ಕೇಳಿದರೆ? ನಮ್ಮ ಹಳ್ಳಿಗಳಲ್ಲಿ ರಿಜಿಸ್ಟರ್ ಆದ ಕಾಗದ ವಿಭಾಗಪತ್ರ ಎನ್ನುತ್ತದೆ. ಮನೆಯ ಹಿರಿಯರು ಮಾತ್ರ 'ಮನೆ ಒಡೀತು' ಎನ್ನುತ್ತಾರೆ. ಎರಡೂ ನಿಜ. ಆದರೆ ಇತಿಹಾಸದ ಪುಸ್ತಕಕ್ಕೆ ಹೋಗುವುದು ಹೆಚ್ಚಾಗಿ ಕಾಗದದ ಮಾತು.

1799ರ ತುಂಡುಗಳು ಮುಂದೆಯೂ ತುಂಡಾದವು. 1862ರಲ್ಲಿ ಉತ್ತರ ಕನ್ನಡ ಮುಂಬಯಿಗೆ ಹೋಯಿತು, ದಕ್ಷಿಣ ಕನ್ನಡ ಮದರಾಸಿನಲ್ಲೇ ಉಳಿಯಿತು. ಬಳ್ಳಾರಿ ಮೈಸೂರಿಗೆ ಮರಳಿದ್ದು 1953ರಲ್ಲಿ, ಉಳಿದ ಸೀಮೆಗಳು ಬಂದು ಕೂಡಿದ್ದು 1956ರ ನವೆಂಬರ್ 1ರಂದು. ಆ ಕಾನೂನಿನ ಇಂಗ್ಲಿಷ್ ಹೆಸರಿನಲ್ಲಿರುವುದು ರೀಆರ್ಗನೈಸೇಷನ್, ಕಚೇರಿಯ ಕಪಾಟು ಜೋಡಿಸಿಟ್ಟಂತೆ. ಕನ್ನಡಿಗರು ಅದನ್ನು ಏಕೀಕರಣ ಎಂದರು. ಒಡೆದದ್ದನ್ನು ಒಡೆದದ್ದು ಎಂದು ನೆನಪಿಟ್ಟವರು ಮಾತ್ರ ಕೂಡಿದ್ದನ್ನು ಕೂಡಿದ್ದು ಎನ್ನಬಲ್ಲರು.