ಎರಡು ಸಾವಿರ ಸಿಸಿಯ ಗೆರೆ

2015ರ ಡಿಸೆಂಬರ್ 16ರಂದು ಸರ್ವೋಚ್ಚ ನ್ಯಾಯಾಲಯವು ದೆಹಲಿ ಮತ್ತು ರಾಷ್ಟ್ರ ರಾಜಧಾನಿ ವಲಯದಲ್ಲಿ 2000 ಸಿಸಿ ಹಾಗೂ ಅದಕ್ಕೆ ಮೇಲ್ಪಟ್ಟ ಡೀಸೆಲ್ ಕಾರುಗಳ ಹೊಸ ನೋಂದಣಿಯನ್ನು ತಡೆಹಿಡಿಯಿತು. ಎಂ.ಸಿ. ಮೆಹ್ತಾ ಅವರು 1985ರಲ್ಲಿ ಹೂಡಿದ ಮೊಕದ್ದಮೆಯಲ್ಲಿ, ಮುಖ್ಯ ನ್ಯಾಯಮೂರ್ತಿ ಟಿ.ಎಸ್. ಠಾಕೂರ್ ಅವರ ಪೀಠವು ನೀಡಿದ ಆದೇಶವಿದು. ಆ ಚಳಿಗಾಲದ ಗಾಳಿಯನ್ನು ಉಸಿರಾಡಿದ ನಮಗೆ ಆದೇಶದ ಉದ್ದೇಶದ ಬಗ್ಗೆ ಸಂದೇಹವಿಲ್ಲ. ನಮ್ಮ ಪ್ರಶ್ನೆ ಇರುವುದು ಅಳತೆಗೋಲಿನ ಬಗ್ಗೆ.

ಸಿಸಿ ಎಂದರೆ ಇಂಜಿನ್ನಿನ ಪಿಸ್ಟನ್ನುಗಳು ಮೇಲೆ ಕೆಳಗೆ ಓಡಾಡುವಾಗ ಆಕ್ರಮಿಸುವ ಒಟ್ಟು ಜಾಗ. ಹೆಚ್ಚು ಬಲ ಬೇಕೆಂದರೆ ಆ ಜಾಗವನ್ನು ಹಿಗ್ಗಿಸಬಹುದು. ಇಲ್ಲವೇ ಅಷ್ಟೇ ಜಾಗಕ್ಕೆ ಟರ್ಬೊದಿಂದ ಹೆಚ್ಚು ಗಾಳಿ ತುರುಕಿ ಹೆಚ್ಚು ಇಂಧನ ಉರಿಸಬಹುದು. ಕುಲುಮೆಯನ್ನು ದೊಡ್ಡದು ಮಾಡುವುದು ಒಂದು ದಾರಿ, ತಿದಿಯನ್ನು ಜೋರಾಗಿ ಒತ್ತುವುದು ಇನ್ನೊಂದು.

ಈ ಎರಡು ದಾರಿಗಳ ಚರಿತ್ರೆ ನಮ್ಮ ಪಕ್ಕದ ಮಾನೇಸರದಲ್ಲೇ ಇದೆ. 2006ರ ಕೇಂದ್ರ ಬಜೆಟ್ಟು ನಾಲ್ಕು ಮೀಟರಿನೊಳಗಿನ ಸಣ್ಣ ಕಾರುಗಳ ಅಬಕಾರಿ ಸುಂಕವನ್ನು ಶೇ. 24ರಿಂದ 16ಕ್ಕೆ ಇಳಿಸಿತು. ಪೆಟ್ರೋಲಿಗೆ 1200, ಡೀಸೆಲಿಗೆ 1500 ಸಿಸಿಯ ಮಿತಿ ಹಾಕಿತು. 2007ರ ಜನವರಿಯಲ್ಲಿ ಬಂದ ಡೀಸೆಲ್ ಸ್ವಿಫ್ಟ್‌ನಲ್ಲಿದ್ದುದು ಫಿಯೆಟ್ ಮೂಲದ, ಮಾನೇಸರದಲ್ಲಿ ತಯಾರಾದ 1248 ಸಿಸಿಯ ನಾಲ್ಕು ಸಿಲಿಂಡರಿನ ಇಂಜಿನ್: 69.6 ಮಿ.ಮೀ. ವ್ಯಾಸ, 82 ಮಿ.ಮೀ. ಓಟ, 75 ಅಶ್ವಶಕ್ತಿ. ಹಲವು ಕಂಪನಿಗಳ ಕಾರುಗಳಲ್ಲಿ ಸೇರಿಕೊಂಡ ಇದನ್ನು ವಾಹನ ಪತ್ರಿಕೆಗಳು ‘ರಾಷ್ಟ್ರೀಯ ಇಂಜಿನ್’ ಎಂದೇ ಕರೆದವು. ಮುಂದೆ ಎಸ್‌ಎಕ್ಸ್4, ಎರ್ಟಿಗಾಗಳಿಗೆ ಇದನ್ನೇ ಅಳವಡಿಸುವಾಗ ಸಿಲಿಂಡರನ್ನು ಮುಟ್ಟಲಿಲ್ಲ; ಅಲಗುಗಳ ಕೋನ ಬದಲಾಗುವ ಟರ್ಬೊ ಬಂತು, ಶಕ್ತಿ 90ಕ್ಕೇರಿತು. ತಿದಿಯೊಂದೇ ಹದಿನೈದು ಕುದುರೆಗಳನ್ನು ತಂದಿತ್ತು!

2019ರಲ್ಲಿ ಮಾರುತಿ ಸುಜುಕಿ ತನ್ನದೇ ಹೊಸ ಇಂಜಿನ್ ತಂದಿತು. 1498 ಸಿಸಿ, 95 ಅಶ್ವಶಕ್ತಿ. ಮಿತಿಗೆ ಎರಡೇ ಸಿಸಿ ಬಾಕಿ ಎಂಬುದನ್ನು ಗಮನಿಸಬೇಕು. 250 ಸಿಸಿ ಹೆಚ್ಚಿದರೂ ಸಿಕ್ಕಿದ್ದು ಐದು ಅಶ್ವಶಕ್ತಿ. ಆದರೆ ಎಳೆಯುವ ಬಲ 200ರಿಂದ 225 ನ್ಯೂಟನ್ ಮೀಟರಿಗೆ ಏರಿತು. ದೊಡ್ಡ ಸಿಲಿಂಡರಿನ ನಿಜವಾದ ಲಾಭ ಇಲ್ಲಿದೆ: ಟರ್ಬೊ ಎಚ್ಚೆತ್ತುಕೊಳ್ಳುವ ಮೊದಲೇ, ಕಡಿಮೆ ವೇಗದಲ್ಲೇ ಅದು ಎಳೆಯುತ್ತದೆ. ಗುರುಗ್ರಾಮದ ಹೆದ್ದಾರಿಯಲ್ಲಿ ಸಂಜೆ ಆರಕ್ಕೆ ತೆವಳುವವರಿಗೆ ಬೇಕಾದ್ದು ಅದೇ ತಾನೆ?

ಈಗ 2015ರ ಆದೇಶಕ್ಕೆ ಮರಳೋಣ. ಮಹೀಂದ್ರ ಕಂಪನಿಯು ತಿಂಗಳೊಪ್ಪತ್ತಿನಲ್ಲೇ ತನ್ನ 2179 ಸಿಸಿಯ ಇಂಜಿನ್ನನ್ನು 1990 ಸಿಸಿಗೆ ಕುಗ್ಗಿಸಿ 2016ರ ಜನವರಿಯಲ್ಲಿ ಮಾರುಕಟ್ಟೆಗೆ ತಂದಿತು. ಎಕ್ಸ್‌ಯುವಿ500ರ ಶಕ್ತಿ ಹಿಂದಿನಂತೆಯೇ 140 ಅಶ್ವಶಕ್ತಿ. ಅತ್ತ ನಮ್ಮ ಬಿಡದಿಯಲ್ಲಿ ತಯಾರಾಗುತ್ತಿದ್ದ ಇನ್ನೋವಾದ ಡೀಸೆಲ್ ಇಂಜಿನ್ 2494 ಸಿಸಿಯದು; ಅದರ ಶಕ್ತಿ 102 ಮಾತ್ರ. 140ರದ್ದು ದೆಹಲಿಯೊಳಗೆ ಬಂತು, 102ರದ್ದು ಬಾಗಿಲಲ್ಲಿ ನಿಂತಿತು. ಆ ಮೇ ತಿಂಗಳಲ್ಲಿ ಬಂದ ಇನ್ನೋವಾ ಕ್ರಿಸ್ಟಾದ 2393 ಮತ್ತು 2755 ಸಿಸಿಯ ಡೀಸೆಲ್‌ಗಳಿಗೂ ದೆಹಲಿಯಲ್ಲಿ ಪ್ರವೇಶವಿರಲಿಲ್ಲ. ಜಾಗ್ವಾರ್ ಲ್ಯಾಂಡ್ ರೋವರ್‌ನ 180 ಅಶ್ವಶಕ್ತಿಯ ಡೀಸೆಲ್ ಇಂಜಿನ್ 1999 ಸಿಸಿಯದಾದ್ದರಿಂದ ಗೆರೆಯ ಈಚೆಯೇ ಉಳಿಯಿತು.

ಭಾರವಾದ ದೊಡ್ಡ ವಾಹನ ಹೆಚ್ಚು ಡೀಸೆಲ್ ಕುಡಿಯುತ್ತದೆ ಎಂಬುದು ನಿಜ. ಆದರೆ ಸಿಸಿ ಇಳಿಸಿದ ಮಾತ್ರಕ್ಕೆ ವಾಹನದ ಭಾರ ಇಳಿಯಲಿಲ್ಲ. ಹೊಗೆಯ ಮಾನದಂಡಗಳಾದರೂ ಕಿಲೋಮೀಟರಿಗೆ ಎಷ್ಟು ಮಾಲಿನ್ಯ ಎಂದು ಅಳೆಯುತ್ತವೆ. ಸಿಲಿಂಡರಿನ ಗಾತ್ರ ಕೇಳುವುದಿಲ್ಲ. ಹಾಗಿದ್ದೂ ಸಿಸಿಯನ್ನೇ ಹಿಡಿದದ್ದೇಕೆ? ಕಡತಗಳ ನಡುವೆ ಬಾಳುವ ನಮಗೆ ತೋರುವುದು ಇಷ್ಟು: ನೋಂದಣಿ ಪತ್ರದಲ್ಲಿ ಸಿಸಿ ಅಚ್ಚಾಗಿರುತ್ತದೆ, ರಸ್ತೆಯಲ್ಲಿ ಉಗುಳುವ ಮಸಿ ಅಚ್ಚಾಗಿರುವುದಿಲ್ಲ. ಗುಮಾಸ್ತೆಯ ಕಣ್ಣಿಗೆ ಕಂಡದ್ದೇ ಕಾನೂನಿನ ಕಣ್ಣಿಗೂ ಕಂಡಿತು.

ಎಂಟು ತಿಂಗಳ ನಂತರ, 2016ರ ಆಗಸ್ಟ್ 12ರಂದು, ಷೋರೂಮ್ ಬೆಲೆಯ ಶೇ. 1ರಷ್ಟು ಪರಿಸರ ಶುಲ್ಕ ವಿಧಿಸಿ ನ್ಯಾಯಾಲಯವು ತಡೆಯನ್ನು ತೆರವುಗೊಳಿಸಿತು. ಮಸಿಯನ್ನು ತಡೆಯುವ ಕೆಲಸ ಬೇರೆ ಕಡೆಯಿಂದ ಶುರುವಾಯಿತು. 2018ರ ಏಪ್ರಿಲ್‌ನಲ್ಲಿ ದೆಹಲಿಯ ಬಂಕುಗಳಿಗೆ ಹತ್ತು ಪಿಪಿಎಂ ಗಂಧಕದ ಡೀಸೆಲ್ ಬಂತು. ಅದಕ್ಕೆ ಮೊದಲು ಐವತ್ತಿತ್ತು. 2020ರ ಏಪ್ರಿಲ್‌ನಲ್ಲಿ ಬಿಎಸ್6 ಜಾರಿಯಾಗಿ, ಡೀಸೆಲ್ ಕಾರಿನ ಮಸಿಕಣಗಳ ಮಿತಿ ಕಿಲೋಮೀಟರಿಗೆ 25 ಮಿಲಿಗ್ರಾಮಿನಿಂದ 4.5ಕ್ಕೆ ಇಳಿಯಿತು. ಅದನ್ನು ಪಾಲಿಸಲು ಹೊಗೆಕೊಳವೆಗೆ ದುಬಾರಿ ಶೋಧಕ ಬೇಕಾಯಿತು. ಆ ಖರ್ಚು ಸಣ್ಣ ಕಾರಿಗೆ ಹೊರೆಯೆಂದು ಮಾರುತಿ ಡೀಸೆಲನ್ನೇ ಕೈಬಿಟ್ಟಿತು. ಮಾನೇಸರದ 1248 ಹೋಯಿತು, ಬಂದು ಒಂದೇ ವರ್ಷವಾಗಿದ್ದ 1498 ಕೂಡ ಹೋಯಿತು. ಬಿಡದಿಯ 2393 ಸಿಸಿಯ ಇಂಜಿನ್ ಮಾತ್ರ ಶೋಧಕ ಹಾಕಿಕೊಂಡು ಮುಂದುವರಿಯಿತು.