ಕಚೇರಿ ಬರೆದ ದರೋಡೆಕೋರ

ಬ್ರಿಟಿಷರ ಸಿನಿಮಾದೊಳಗೆ ಒಬ್ಬ ಪುಂಡ ಇದ್ದಾನೆ. ಹೆಸರು ಹೆರಾಲ್ಡ್ ಶ್ಯಾಂಡ್. ಚಿತ್ರ 1980ರ ‘ದಿ ಲಾಂಗ್ ಗುಡ್ ಫ್ರೈಡೇ’. ಹಣ ಹಾಕಿದ ಕಂಪನಿ ಅದನ್ನು ಕತ್ತರಿಸಿ ಟಿ.ವಿ.ಗೆ ಹಾಕಲು ಹೊರಟಾಗ, ಬೀಟಲ್ಸ್ ತಂಡದ ಜಾರ್ಜ್ ಹ್ಯಾರಿಸನ್ನನ ಸಣ್ಣ ಸಂಸ್ಥೆಯೊಂದು ಕೊಂಡು ತೆರೆಗೆ ತಂದಿತು. ಈ ಹೆರಾಲ್ಡನಿಗೆ ಒಂದೇ ಆಸೆ. ಥೇಮ್ಸ್ ನದಿ ದಂಡೆಯ ಪಾಳುಬಿದ್ದ ಹಡಗುಕಟ್ಟೆಯ ಜಾಗ ಹಿಡಿದು ಸಭ್ಯ ಸಾಹುಕಾರ ಆಗಬೇಕು. ಕಡೆಗೆ ಕಾರಿನೊಳಗೆ ಕೂತಿದ್ದಾನೆ, ಎದುರಿಗೆ ಪಿಸ್ತೂಲು. ಏರಿದ, ಬಿದ್ದ, ಸಿನಿಮಾ ಮುಗೀತು.

ಈ ಏರು-ಬೀಳಿನ ಕತೆ ನಮ್ಮ ಸೀಮೆಗೆ ಹೊಸದಲ್ಲ. ಆ ಚಿತ್ರಕ್ಕಿಂತ ನೂರೈವತ್ತು ವರ್ಷ ಮೊದಲೇ ಅವರ ಕಂಪನಿ ಸರಕಾರ ಕಿತ್ತೂರು ನಾಡಿನೊಳಗೆ ಇಂಥದೇ ಒಂದು ಕತೆಯನ್ನು ಕಾಗದದ ಮೇಲೆ ಬರೆದಿಟ್ಟಿತು. ಒಬ್ಬ ಸಾಮಾನ್ಯ ಮನುಷ್ಯ ತಲೆ ಎತ್ತಿದ, ಗುಂಪು ಕಟ್ಟಿದ, ಕಚೇರಿ ಸುಟ್ಟ, ಖಜಾನೆ ಲೂಟಿ ಮಾಡಿದ, ಸಿಕ್ಕಿಬಿದ್ದ, ಗಲ್ಲಿಗೇರಿದ. ಅವನೇ ಸಂಗೊಳ್ಳಿ ರಾಯಣ್ಣ. ಕಚೇರಿ ಕತೆ ಶುರುವಾಗೋದು ಅವನು ಬೆಂಕಿ ಹಚ್ಚಿದ ದಿನದಿಂದ. ಅದಕ್ಕಿಂತ ಹಿಂದೆ ಏನಾಗಿತ್ತು ಅಂತ ಕೇಳಬೇಕಾದವರು ನಾವು.

ರಾಯಣ್ಣ ಬೈಲಹೊಂಗಲ ತಾಲೂಕಿನ ಸಂಗೊಳ್ಳಿಯವ, ಕುರುಬರ ಮನೆಯವ, ಊರ ವಾಲೀಕಾರ. ಸರಕಾರದ ಮಾತಿನಲ್ಲಿ ಶೇತಸನದಿ. ಊರು ಕಾಯೋದು, ಕಳ್ಳರ ಜಾಡು ಹಿಡಿಯೋದು, ಕಂದಾಯದ ಹಣಕ್ಕೆ ಕಾವಲಾಗಿ ಹೋಗೋದು ಈ ಚಾಕರಿ. ಪಗಾರ ಇಲ್ಲ. ಚಾಕರಿಗೆ ಬದಲಾಗಿ ಸನದಿನ ಮೇಲೆ ಒಂದಿಷ್ಟು ಹೊಲ. ಚಾಕರಿ ಹೊಲ ಅಂದರೇನು ಅಂತ ನಮ್ಮ ಕೇರಿಯವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಆ ಹೊಲ ಹೋದರೆ ಚಾಕರಿ ಬಿಟ್ಟಿ ಆಗ್ತದ, ಅಷ್ಟೇ.

1824ರ ಅಕ್ಟೋಬರ್ 23ರಂದು ಕಿತ್ತೂರ ಕೋಟೆ ಮುಂದೆ ಧಾರವಾಡದ ಕಲೆಕ್ಟರ್ ಥ್ಯಾಕರೆ ಸತ್ತದ್ದನ್ನೂ, ಡಿಸೆಂಬರಿನಲ್ಲಿ ಕೋಟೆ ಬಿದ್ದದ್ದನ್ನೂ ಶಾಲೆ ಮಕ್ಕಳೂ ಹೇಳ್ತಾರ. ಚೆನ್ನಮ್ಮ ರಾಣಿ ಬೈಲಹೊಂಗಲದ ಸೆರೆಯಲ್ಲೇ 1829ರಲ್ಲಿ ತೀರಿಕೊಂಡಳು. ಆ ಕಾಳಗದಲ್ಲಿ ರಾಯಣ್ಣನೂ ಇದ್ದ. ಹಿಡಿದರು, ಬಿಟ್ಟರು. ಆದರೆ ಹೊಲ ಬಿಡಲಿಲ್ಲ. ಒಂದಷ್ಟು ಕಸಿದುಕೊಂಡರು, ಉಳಿದದ್ದರ ಮೇಲೆ ಭಾರಿ ತೆರಿಗೆ ಹೇರಿದರು. ಊರ ಕುಲಕರ್ಣಿಯ ಲೆಕ್ಕಣಿಕೆಗೂ ಕಂಪನಿಯ ಮೊಹರಿಗೂ ನಡುವೆ ವಾಲೀಕಾರನ ಬಾಯಿಗೆ ಜಾಗ ಎಲ್ಲಿತ್ತು?

1830ರ ಜನವರಿಯಲ್ಲಿ ಬೀಡಿಯ ಕಚೇರಿ ಸುಟ್ಟಿತು. ಮುಂದೆ ಸಂಪಗಾಂವ, ನಂದಗಡ. ಹೋದಲ್ಲೆಲ್ಲ ಕಚೇರಿಗೆ ಬೆಂಕಿ, ಖಜಾನೆಗೆ ಕೈ. ಕಚೇರಿಗೆ ಬೆಂಕಿ ಬಿತ್ತು ಅಂದರೆ ಅಲ್ಲಿದ್ದ ಜಮೀನಿನ ಲೆಕ್ಕದ ಪುಸ್ತಕಗಳಿಗೂ ಬಿತ್ತು. ಕಳ್ಳನಿಗೆ ರೊಕ್ಕ ಸಾಕು. ದಫ್ತರ ಸುಡುವ ಹೊತ್ತಿಗೆ ಅವನು ನಾಲ್ಕು ಹರದಾರಿ ದಾಟಿರ್ತಾನ. ಯಾವ ಕಾಗದ ತನ್ನ ಹೊಲ ತಿಂದಿತ್ತೋ ಆ ಕಾಗದ ಇಟ್ಟ ಮನೆಗೇ ವಾಲೀಕಾರ ಹುಡುಕಿಕೊಂಡು ಹೋಗಿದ್ದ. ಕಂದಾಯದ ಹಣದ ಹಿಂದೆ ಕಾವಲು ನಡೆಯುವ ಚಾಕರಿಯವನಿಗೆ ಕಚೇರಿಯ ದಾರಿ ಯಾರೂ ತೋರಿಸಬೇಕಾಗಿರಲಿಲ್ಲ.

ಗುಂಪಿನಲ್ಲಿ ಯಾರಿದ್ದರು? ಹೊಲ ಹೋದ ಶೇತಸನದಿಗಳಿದ್ದರು. ಕಾಡಿನ ಸಿದ್ದಿ ಗಜವೀರ, ಬಿಚ್ಚುಗತ್ತಿ ಚನ್ನಬಸಪ್ಪ ಇವರ ಹೆಸರು ಜನರ ಬಾಯಲ್ಲಿ ಉಳಿದಿವೆ. ಬಯಲಿನಲ್ಲಿ ನಿಂತು ಕಾದದೆ, ಗುಡ್ಡ ಅಡವಿಯೊಳಗೆ ಅಡಗಿ, ಬಂದು, ಹೊಡೆದು, ಮರೆಯಾಗುವ ಯುದ್ಧ ಇವರದು.

ಒಂದು ಮಾತು ಮುಚ್ಚಿಡೋದು ಬೇಡ. ರಾಯಣ್ಣ ಕಾದಿದ್ದು ದತ್ತುಮಗ ಶಿವಲಿಂಗಪ್ಪನನ್ನು ಕಿತ್ತೂರ ಗಾದಿಗೆ ಕೂಡಿಸಲಿಕ್ಕೆ. ಅರಸೊತ್ತಿಗೆ ಬೇಡ, ಜಾತಿ ಬೇಡ ಅಂತ ಅಂವ ಎದ್ದವನಲ್ಲ. ಇಂದಿನ ನಮ್ಮ ಘೋಷಣೆಗಳನ್ನು ಅವನ ಬಾಯಿಗೆ ತುರುಕಿದರೆ ಅದೂ ಇನ್ನೊಂದು ಸುಳ್ಳು ದಫ್ತರವೇ ಆಗ್ತದ. ಆದರೂ ಗಾದಿಯ ಹೆಸರಲ್ಲಿ ಎದ್ದವರ ಹೊಟ್ಟೆಯೊಳಗೆ ಇದ್ದದ್ದು ಹೊಲದ ಸಿಟ್ಟು.

ಬಿದ್ದದ್ದು ಹೇಗೆ? ಬಂದೂಕಿನಿಂದ ಆಗದ್ದು ಗೌಡಕಿಯಿಂದ ಆಯ್ತು. ಖೋದಾನಪುರದ ಲಿಂಗನಗೌಡ, ನೇಗಿನಹಾಳದ ವೆಂಕನಗೌಡ ನಂಬಿಕೆಯವರಂತೆ ಒಳಸೇರಿದರು. 1830ರ ಏಪ್ರಿಲ್‌ನಲ್ಲಿ ಡೋರಿ ಹಳ್ಳದಲ್ಲಿ ಜಳಕ ಮಾಡುವಾಗ, ಕೈಯಲ್ಲಿ ಕತ್ತಿ ಇಲ್ಲದ ಹೊತ್ತಿನಲ್ಲಿ, ಹಿಡಿದುಕೊಟ್ಟರು. ಇದನ್ನು ಬರೇ ಇಬ್ಬರ ಕೇಡಿಗತನ ಅಂತ ಬೈದು ಮುಗಿಸೋರು ಬಹಳ. ಗೌಡರ ವತನಕ್ಕೆ ಕಂಪನಿಯೇ ಆಸರೆಯಾಗಿತ್ತು ಅನ್ನೋದನ್ನೂ ಜೋಡಿಸಿ ನೋಡಬೇಕು. 1831ರ ಜನವರಿ 26ರಂದು ನಂದಗಡದಲ್ಲಿ ರಾಯಣ್ಣನನ್ನು ಗಲ್ಲಿಗೆ ಹಾಕಿದರು. ಅವನ ಜೊತೆಗೆ ಇನ್ನೂ ಆರು ಮಂದಿಗೆ ಅದೇ ಶಿಕ್ಷೆಯಾಗಿತ್ತು. ರಾಯಣ್ಣನ ಪುತ್ಥಳಿ ಊರೂರಿಗೆ ಇದ್ದಾವೆ. ಆ ಆರು ಮಂದಿಯ ಹೆಸರು ಕೇಳಿದರೆ ಕಾಲೇಜು ಹುಡುಗರಿಗೂ ಬರೋದಿಲ್ಲ.

ಕಚೇರಿ ಬರೆದ ಕತೆಯನ್ನು ಓದು ಬಾರದ ಜನ ತಿರುಗಿಸಿ ಹಾಡಿದರು. ಕಿತ್ತೂರು, ಸವದತ್ತಿ, ರಾಮದುರ್ಗದ ಸೀಮೆಯಲ್ಲಿ ಲಾವಣಿ, ಗೀಗೀ ಮೇಳದವರ ಬಾಯಲ್ಲಿ ದಂಗೆಕೋರ ವೀರನಾದ. ನಂದಗಡದ ಆಲದ ಮರಕ್ಕೆ ಮಕ್ಕಳಿಲ್ಲದವರು ತೊಟ್ಟಿಲು ಕಟ್ಟುತ್ತಾರೆ. ಹರಕೆಯಲ್ಲಿ ನಮಗೆ ನಂಬಿಕೆ ಇಲ್ಲ. ಆದರೆ ಗಲ್ಲಿಗೇರಿದ ಅಪರಾಧಿಯ ಹತ್ತಿರ ಅವನಂಥ ಮಗನನ್ನು ಬೇಡುವ ತಾಯಂದಿರು ಕೋರ್ಟಿನ ತೀರ್ಪನ್ನು ಒಪ್ಪಿಲ್ಲ ಅನ್ನೋದಂತೂ ಖರೆ. ಸಿನಿಮಾದವರು ತಡವಾಗಿ ಬಂದರು, 1967ರಲ್ಲೊಮ್ಮೆ, 2012ರಲ್ಲೊಮ್ಮೆ. ತೆರೆಯ ಮೇಲೆ ಕತ್ತಿ ಕಾಳಗ ಬಹಳ, ಶೇತಸನದಿ ಹೊಲದ ಮಾತು ಕಡಿಮೆ. ಬೆಂಗಳೂರಿನ ರೈಲು ನಿಲ್ದಾಣಕ್ಕೂ ಈಗ ರಾಯಣ್ಣನ ಹೆಸರಿದೆ.

ರಾಯಣ್ಣ ಹೀಗೆ ದಫ್ತರದಿಂದ ಹೊರಗೆ ಬಂದ. ಬಾರದೆ ಉಳಿದವರ ಮಾತೇ ನಮಗೆ ಹೆಚ್ಚು ಕಾಡೋದು. ಅವನನ್ನು ಗಲ್ಲಿಗೆ ಹಾಕಿ ನಲವತ್ತು ವರ್ಷಕ್ಕೆ, 1871ರಲ್ಲಿ, ಅದೇ ಲೆಕ್ಕಣಿಕೆ ‘ಅಪರಾಧಿ ಬುಡಕಟ್ಟು ಕಾಯ್ದೆ’ ಬರೆಯಿತು. ಮೊದಲು ಉತ್ತರದ ಕಡೆ, 1911ರ ಕಾಯ್ದೆಯಿಂದ ನಮ್ಮ ಮುಂಬಯಿ ಇಲಾಖೆಗೂ. ಈಗ ಒಬ್ಬ ಮನುಷ್ಯನ ಏರು-ಬೀಳಿನ ಕತೆಯೂ ಬೇಡ. ಕೊರವ, ಘಂಟಿಚೋರ, ಹರಣಶಿಕಾರಿ ಕೂಸು ಹುಟ್ಟಿದ ತಕ್ಷಣ ಗ್ಯಾಂಗಿನ ಸದಸ್ಯ. ಹೆಬ್ಬೆಟ್ಟು, ಹಾಜರಿ, ಊರು ಬಿಡಲು ಪಾಸು. ವಿಜಾಪುರ, ಗದಗ, ಹುಬ್ಬಳ್ಳಿಯಲ್ಲಿ ತಂತಿ ಬೇಲಿ ಹಾಕಿ ಕುಟುಂಬ ಕುಟುಂಬವನ್ನೇ ಒಳಗಿಟ್ಟರು, ಗಿರಣಿ ಕೆಲಸಕ್ಕೆ ಕಳಿಸಿದರು. ಇವರ ಮೇಲೆ ಯಾವ ಮೇಳದವರು ಲಾವಣಿ ಕಟ್ಟಿದರು?

ಮುಂಬಯಿ ಪ್ರಾಂತದಲ್ಲಿ 1949ರಲ್ಲಿ, ದೇಶಕ್ಕೆಲ್ಲ 1952ರ ಆಗಸ್ಟ್ 31ರಂದು ಆ ಕಾಯ್ದೆ ಹೋಯಿತು. ‘ರೂಢಿಗತ ಅಪರಾಧಿ’ ಅನ್ನುವ ಕಾಯ್ದೆಗಳು ಅದರ ಜಾಗಕ್ಕೆ ಬಂದವು. ಊರಲ್ಲಿ ಕಳವಾದರೆ ಪೊಲೀಸರು ಮೊದಲು ಯಾವ ಓಣಿಗೆ ಹೋಗ್ತಾರ ಅಂತ ನಮ್ಮ ಮಾಸ್ತರರನ್ನು ಕೇಳಿ, ಹೇಳ್ತಾರ. ಹುಬ್ಬಳ್ಳಿಯೊಳಗೆ ಆ ತಂತಿ ಬೇಲಿಯ ಜಾಗಕ್ಕೆ ಇವತ್ತಿಗೂ ಸೆಟ್ಲಮೆಂಟ್ ಅಂತಲೇ ಹೆಸರು.