ನೇತ್ರಾಣಿಯಲ್ಲಿ ಸ್ಕೂಬಾ: ನೀರಿಗಿಳಿಯೋ ಮುಂಚೆ ತಿಳ್ಕೊಂಡಿರಬೇಕಾದ್ದು

ನೀರೊಳಗೆ ಹೆಬ್ಬೆರಳು ಎತ್ತಿ ತೋರಿಸಿದ್ರೆ ‘ಸೂಪರ್’ ಅಂತ ಅರ್ಥ ಅಲ್ಲ, ‘ನನ್ನನ್ನ ಮೇಲಕ್ಕೆ ಕರ್ಕೊಂಡು ಹೋಗಿ’ ಅಂತ. ಮುರುಡೇಶ್ವರದಿಂದ ಹೊರಟ ದೋಣಿಯಲ್ಲಿ ನಮಗೆ ಮೊದಲು ಹೇಳಿಕೊಟ್ಟಿದ್ದೇ ಇದು. ಎಲ್ಲಾ ಸರಿ ಇದೆ ಅನ್ನೋಕೆ ಹೆಬ್ಬೆರಳು, ತೋರುಬೆರಳು ಸೇರಿಸಿ ಸೊನ್ನೆ ಮಾಡಬೇಕು. ಕಿವಿ ನೋಯ್ತಿದ್ರೆ ಕಿವಿ ತೋರಿಸಬೇಕು. ನಮ್ಮ ಜೀವ ಉಳಿಸೋಕೆ ಬೇಕಾದ ಎಲ್ಲವನ್ನೂ ಇಪ್ಪತ್ತು ನಿಮಿಷದಲ್ಲಿ ಶಿಸ್ತಾಗಿ ಹೇಳಿದರು. ಕೆಳಗಿರೋ ಹವಳದ ಬಗ್ಗೆ ಒಂದು ಮಾತೂ ಬರಲಿಲ್ಲ. ಈ ಬರಹ ಎರಡನ್ನೂ ಹೇಳುತ್ತೆ.

ಎಲ್ಲಿದೆ, ಏನಿದೆ?

ನೇತ್ರಾಣಿ ಇರೋದು ಉತ್ತರ ಕನ್ನಡದ ಮುರುಡೇಶ್ವರದಿಂದ ಸುಮಾರು 19 ಕಿ.ಮೀ. ದೂರದ ಅರಬ್ಬಿ ಸಮುದ್ರದಲ್ಲಿ. ಹಳೆಯ ನಕ್ಷೆಗಳಲ್ಲಿ ಇದರ ಹೆಸರು ಪಿಜನ್ ಐಲ್ಯಾಂಡ್. ಮೇಲಿಂದ ನೋಡಿದ್ರೆ ಹೃದಯದ ಆಕಾರ. ಡೈವಿಂಗ್‌ಗೆ ಬರೋರಿಗೆ ಇದು ಹೊಸ ಜಾಗ, ಕರಾವಳಿಯ ಮೀನುಗಾರರಿಗಲ್ಲ. ಇಲ್ಲಿನ ಜಟ್ಟಿಗ ದೇವರಿಗೆ ಅವರು ಹರಕೆ ಹೊತ್ತುಕೊಂಡು ಬಂದಿದ್ದಾರೆ. ಬಿಳಿಹೊಟ್ಟೆಯ ಕಡಲ ಹದ್ದು ಇಲ್ಲಿ ಗೂಡು ಕಟ್ಟುತ್ತೆ. ಇದೇ ದ್ವೀಪವನ್ನ ನೌಕಾಪಡೆ ಗುರಿ ಅಭ್ಯಾಸಕ್ಕೂ ಬಳಸಿದೆ, ಪರಿಸರ ಹೋರಾಟಗಾರರು ಅದನ್ನ ವಿರೋಧಿಸಿದ್ದಾರೆ.

ಕರಾವಳಿಯುದ್ದಕ್ಕೂ ಸಮುದ್ರ ಇರುವಾಗ ಇಲ್ಲೇ ಯಾಕೆ ಇಷ್ಟು ಜೀವ? ಹವಳಕ್ಕೆ ತಿಳಿ ನೀರು, ಬಿಸಿಲು, ಗಟ್ಟಿ ನೆಲ ಬೇಕು. ಮಳೆಗಾಲದಲ್ಲಿ ನಮ್ಮ ನದಿಗಳು ಘಟ್ಟದಿಂದ ಹೊತ್ತು ತರೋ ಮಣ್ಣು ದಡದ ನೀರನ್ನ ರಾಡಿ ಮಾಡುತ್ತೆ. ದಡದಿಂದ ದೂರ ಇರೋ ಈ ಬಂಡೆಗಳ ಸುತ್ತ ನೀರು ಅಷ್ಟು ರಾಡಿಯಾಗಲ್ಲ. ಲಕ್ಷದ್ವೀಪದಲ್ಲಿ ದ್ವೀಪವನ್ನೇ ಹವಳ ಕಟ್ಟಿದೆ. ನೇತ್ರಾಣಿ ಹಾಗಲ್ಲ, ಇಲ್ಲಿ ಬಂಡೆಯ ಮೈಮೇಲೆ ಹವಳ ಅಲ್ಲಲ್ಲಿ ಹಬ್ಬಿಕೊಂಡಿದೆ. ಅಂದ್ರೆ ಇರೋದೇ ಸ್ವಲ್ಪ.

ಆ ಸ್ವಲ್ಪದಲ್ಲೇ ಒಂದು ಊರಿದೆ. ಹವಳ ಕಚ್ಚಿ ಪಾಚಿ ತಿನ್ನೋ ಗಿಳಿಮೀನು, ಜೋಡಿಯಾಗಿ ಸುತ್ತೋ ಚಿಟ್ಟೆಮೀನು, ಬಂಡೆ ಸಂದಿಯಿಂದ ಬಾಯಿ ತೆರೆದು ನೋಡೋ ಹಾವುಮೀನು, ಗುಂಪುಗುಂಪಾಗಿ ಹೋಗೋ ಬರಾಕುಡ. ಅದೃಷ್ಟ ಇದ್ರೆ ಕಡಲಾಮೆ. ಅಪರೂಪಕ್ಕೆ ತಿಮಿಂಗಿಲ ಶಾರ್ಕ್ ಕೂಡ ಕಾಣಿಸಿಕೊಂಡಿದೆ. ಸೀಸನ್ ಹೆಚ್ಚುಕಡಿಮೆ ಅಕ್ಟೋಬರ್‌ನಿಂದ ಮೇ ತನಕ, ಮಳೆಗಾಲದಲ್ಲಿ ದೋಣಿ ಹೋಗಲ್ಲ.

ನೀರೊಳಗೆ ದೇಹಕ್ಕೆ ಏನಾಗುತ್ತೆ?

ಪಿಯುಸಿಯಲ್ಲಿ ಬಾಯ್ಲ್ ನಿಯಮ ಬಾಯಿಪಾಠ ಮಾಡಿದ್ದೆ, ಇಂಜಿನಿಯರಿಂಗ್‌ನಲ್ಲಿ ಲೆಕ್ಕ ಮಾಡಿದ್ದೆ. ಅರ್ಥ ಆಗಿದ್ದು ಮಾತ್ರ ಇಲ್ಲಿ, ಮೂರು ಮೀಟರ್ ಇಳಿದಾಗ ಕಿವಿಗೆ ಸೂಜಿ ಚುಚ್ಚಿದ ಹಾಗಾದಾಗ.

ಪ್ರತಿ 10 ಮೀಟರ್ ಆಳಕ್ಕೆ ಒಂದು ವಾತಾವರಣದಷ್ಟು ಒತ್ತಡ ಸೇರುತ್ತೆ. ದಡದಲ್ಲಿ ಒಂದು, 10 ಮೀಟರ್‌ನಲ್ಲಿ ಎರಡು, 20ರಲ್ಲಿ ಮೂರು. ಗಮನಿಸಿ, ಒತ್ತಡ ದುಪ್ಪಟ್ಟಾಗೋದು ಮೊದಲ 10 ಮೀಟರ್‌ನಲ್ಲೇ. ಅದಕ್ಕೇ ಕಿವಿ ನೋವು ಆಳದಲ್ಲಿ ಅಲ್ಲ, ಇಳಿಯೋಕೆ ಶುರು ಮಾಡಿದ ತಕ್ಷಣ ಬರುತ್ತೆ. ಮೂಗು ಹಿಡಿದು ಮೆಲ್ಲಗೆ ಊದಿದ್ರೆ ಸರಿಹೋಗುತ್ತೆ. ಆಗಲಿಲ್ಲ ಅಂದ್ರೆ ಸ್ವಲ್ಪ ಮೇಲೆ ಬಂದು ಮತ್ತೆ ಪ್ರಯತ್ನಿಸಬೇಕು, ಜೋರಾಗಿ ಊದಬಾರದು. ನೆಗಡಿ ಇದ್ರೆ ಅವತ್ತು ಇಳಿಯಲೇಬೇಡಿ.

ಎರಡನೇ ನಿಯಮ ಉಸಿರು ಕಟ್ಟಬಾರದು ಅನ್ನೋದು. 10 ಮೀಟರ್‌ನಲ್ಲಿ ಶ್ವಾಸಕೋಶ ತುಂಬ ಗಾಳಿ ಎಳ್ಕೊಂಡು, ಉಸಿರು ಹಿಡಿದು ಮೇಲೆ ಬಂದ್ರೆ ಆ ಗಾಳಿ ದುಪ್ಪಟ್ಟು ಜಾಗ ಕೇಳುತ್ತೆ. ಶ್ವಾಸಕೋಶ ಹರಿಯಬಹುದು. ಗಾಬರಿಯಾದವರು ಮೊದಲು ಮಾಡೋ ಕೆಲಸವೇ ಉಸಿರು ಹಿಡಿದು ಮೇಲಕ್ಕೆ ನುಗ್ಗೋದು. ಹಾಗಾಗಿ ಇದನ್ನ ದಡದಲ್ಲೇ ಮನಸ್ಸಿಗೆ ಹಾಕ್ಕೊಳ್ಳಿ.

ಬೆನ್ನ ಮೇಲಿರೋದು ‘ಆಕ್ಸಿಜನ್ ಸಿಲಿಂಡರ್’ ಅಲ್ಲ, ಒತ್ತಿ ತುಂಬಿದ ಮಾಮೂಲಿ ಗಾಳಿ. 12 ಲೀಟರ್ ಸಿಲಿಂಡರ್‌ನಲ್ಲಿ 200 ಬಾರ್ ಒತ್ತಡಕ್ಕೆ ತುಂಬಿದ್ರೆ ಸುಮಾರು 2,400 ಲೀಟರ್ ಗಾಳಿ. ಆಳ ಹೆಚ್ಚಿದಷ್ಟೂ ಬೇಗ ಖಾಲಿ. ಗಾಬರಿಯಾಗಿ ಏದುಸಿರು ಬಿಟ್ರೆ ಇನ್ನೂ ಬೇಗ.

ಈಜು ಬರದಿದ್ರೂ ಇಳಿಯಬಹುದಾ? ಪರಿಚಯದ ಡೈವ್‌ನಲ್ಲಿ ತರಬೇತುದಾರರು ಜೊತೆಗೇ ಇರೋದ್ರಿಂದ ಸಾಧ್ಯ. ಅದರ ಮಿತಿ 12 ಮೀಟರ್. ಸ್ವತಂತ್ರವಾಗಿ ಡೈವ್ ಮಾಡೋಕೆ ಕೋರ್ಸ್ ಮುಗಿಸಬೇಕು, ಮೊದಲ ಹಂತದ ಸರ್ಟಿಫಿಕೇಟ್‌ನಲ್ಲಿ 18 ಮೀಟರ್ ತನಕ ಹೋಗಬಹುದು. ಅಸ್ತಮಾ, ಹೃದಯದ ತೊಂದರೆ, ಮೂರ್ಛೆ ರೋಗ, ಇತ್ತೀಚಿನ ಸರ್ಜರಿ, ಗರ್ಭಿಣಿ ಆಗಿರೋದು, ಇದ್ಯಾವುದನ್ನೂ ಫಾರ್ಮ್‌ನಲ್ಲಿ ಮುಚ್ಚಿಡಬೇಡಿ.

ಇನ್ನೊಂದು ವಿಷಯ ಬೆಂಗಳೂರಿಗೆ ವಾಪಸ್ ಬರೋರಿಗೆ. ಒತ್ತಡದಲ್ಲಿ ರಕ್ತಕ್ಕೆ ಸೇರಿದ ನೈಟ್ರೋಜನ್ ಹೊರಹೋಗೋಕೆ ಸಮಯ ಬೇಕು. ಅದಕ್ಕೇ ಒಂದು ಡೈವ್ ಆದಮೇಲೆ ಕನಿಷ್ಠ 12 ಗಂಟೆ, ಹಲವು ಡೈವ್ ಮಾಡಿದ್ರೆ 18 ಗಂಟೆ ವಿಮಾನ ಹತ್ತಬೇಡಿ ಅನ್ನೋದು ಸಾಮಾನ್ಯ ಸಲಹೆ. ಈ ಸಲಹೆ ಸುಮಾರು 600 ಮೀಟರ್‌ಗಿಂತ ಮೇಲಿನ ಎತ್ತರದ ಲೆಕ್ಕದಲ್ಲಿ ಮಾಡಿದ್ದು. ಬೆಂಗಳೂರು ಇರೋದು 900 ಮೀಟರ್ ಎತ್ತರದಲ್ಲಿ. ಕಡಿಮೆ ಆಳದ ಒಂದು ಸಣ್ಣ ಡೈವ್‌ನಲ್ಲಿ ಅಪಾಯ ಕಡಿಮೆ. ಆದ್ರೆ ಎರಡು ಮೂರು ಡೈವ್ ಮುಗಿಸಿ ಅವತ್ತೇ ರಾತ್ರಿ ಬಸ್‌ನಲ್ಲಿ ಘಟ್ಟ ಹತ್ತೋ ಪ್ಲಾನ್ ಇದ್ರೆ ತರಬೇತುದಾರರನ್ನ ಕೇಳಿ, ಸಾಧ್ಯ ಆದ್ರೆ ಒಂದು ರಾತ್ರಿ ಉಳ್ಕೊಳ್ಳಿ.

ಹವಳಕ್ಕೆ ಏನಾಗುತ್ತೆ?

ನಾನು ಮಾಡಿದ ತಪ್ಪನ್ನೇ ಹೇಳ್ತೀನಿ. ಫೋಟೋಗೆ ನಿಲ್ಲೋಕೆ ಹೋಗಿ ತೂಕ ತಪ್ಪಿತು, ಕಾಲಿನ ಫಿನ್ ಏನಕ್ಕೋ ಬಡೀತು. ತಿರುಗಿ ನೋಡಿದ್ರೆ ಬಂಡೆಯಿಂದ ಬಿಳಿ ಪುಡಿ ಏಳ್ತಿತ್ತು. ಪಕ್ಕದಲ್ಲಿ ಇನ್ನೊಬ್ಬ ತರಬೇತುದಾರ ಬಿಸ್ಕೆಟ್ ಪುಡಿ ಮಾಡಿ ಬಿಡ್ತಿದ್ದ. ಮೀನುಗಳು ಮುತ್ತಿಕೊಂಡವು, ವಿಡಿಯೊ ಚೆನ್ನಾಗಿ ಬಂತು.

ಹವಳ ಕಲ್ಲಲ್ಲ, ಪ್ರಾಣಿ. ಸಾವಿರಾರು ಸಣ್ಣ ಜೀವಿಗಳು ಸೇರಿ ಸುಣ್ಣದ ಗೂಡು ಕಟ್ಟಿಕೊಂಡಿರುತ್ತವೆ. ಗುಂಡಗೆ ಬೆಳೆಯೋ ಹವಳಗಳು ವರ್ಷಕ್ಕೆ ಬೆಳೆಯೋದು ಸಾಮಾನ್ಯವಾಗಿ ಒಂದು ಸೆಂಟಿಮೀಟರ್ ಆಸುಪಾಸು. ಅಂಗೈಯಷ್ಟು ತುಂಡು ಮುರಿದ್ರೆ ಎಷ್ಟು ವರ್ಷ ಹೋಯ್ತು ಅಂತ ನೀವೇ ಲೆಕ್ಕ ಹಾಕಿ. ಇನ್ನು ಬಿಸ್ಕೆಟ್. ಗಿಳಿಮೀನಿನಂಥವು ಪಾಚಿ ಮೇಯ್ದು ಹವಳಕ್ಕೆ ಜಾಗ ಉಳಿಸುತ್ತವೆ. ಅವು ಬಿಸ್ಕೆಟ್ ಕಾಯ್ತಾ ಕೂತರೆ ಆ ಕೆಲಸ ಮಾಡೋರು ಯಾರು?

ಇದರ ಜೊತೆ ಬಿಸಿ. ಹವಳದೊಳಗೆ ಬದುಕೋ ಸೂಕ್ಷ್ಮ ಪಾಚಿಯೇ ಅದಕ್ಕೆ ಬಣ್ಣ, ಆಹಾರ ಎರಡೂ. ಸಮುದ್ರದ ಬಿಸಿ ಮಾಮೂಲಿ ಬೇಸಿಗೆಗಿಂತ ಒಂದು ಡಿಗ್ರಿ ಹೆಚ್ಚಾಗಿ ಕೆಲವು ವಾರ ಹಾಗೇ ಉಳಿದ್ರೆ ಹವಳ ಆ ಪಾಚಿಯನ್ನ ಹೊರಹಾಕಿ ಬಿಳಿಚಿಕೊಳ್ಳುತ್ತೆ. ಲಕ್ಷದ್ವೀಪದಲ್ಲಿ 1998, 2010, 2016ರಲ್ಲಿ ಹೀಗೇ ಆಯ್ತು. 2024ರ ಏಪ್ರಿಲ್‌ನಲ್ಲಿ ಜಗತ್ತಿನ ನಾಲ್ಕನೇ ಸಾಮೂಹಿಕ ಬಿಳಿಚುವಿಕೆ ಘೋಷಣೆಯಾದಾಗ ಲಕ್ಷದ್ವೀಪ ಮತ್ತೆ ಬಿಳಿಚಿತ್ತು.

‘ಸಮುದ್ರವೇ ಬಿಸಿಯಾಗ್ತಿರುವಾಗ ನನ್ನ ಒಂದು ಒದೆತ ಏನು ಮಹಾ?’ ಅಂತ ಕೇಳಬಹುದು. ನನ್ನ ಪ್ರಕಾರ ಲೆಕ್ಕ ಉಲ್ಟಾ. ಬಿಸಿಯನ್ನ ಭಟ್ಕಳ ತಾಲ್ಲೂಕಿನಲ್ಲಿ ಕೂತು ನಿಲ್ಲಿಸೋಕಾಗಲ್ಲ. ಒದೆತ, ಲಂಗರು, ಬಿಸ್ಕೆಟ್ ಇವುಗಳನ್ನ ನಾಳೆಯೇ ನಿಲ್ಲಿಸಬಹುದು. ಬಿಸಿಯಿಂದ ಸುಸ್ತಾದ ಹವಳಕ್ಕೆ ಚೇತರಿಸಿಕೊಳ್ಳೋಕೆ ಬೇಕಿರೋದೂ ಆ ಬಿಡುವೇ.

ಕಾನೂನು ಏನು ಹೇಳುತ್ತೆ?

1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಅನುಸೂಚಿಗೆ 2001ರಲ್ಲಿ ಕಲ್ಲು ಹವಳಗಳನ್ನ, ತಿಮಿಂಗಿಲ ಶಾರ್ಕನ್ನ ಸೇರಿಸಲಾಯ್ತು. ಹುಲಿ ಇರೋದೂ ಅದೇ ಪಟ್ಟಿಯಲ್ಲಿ. ಹವಳದ ಒಂದು ತುಂಡು ಜೇಬಿಗೆ ಹಾಕ್ಕೊಂಡು ಬಂದ್ರೂ ಅಪರಾಧ. ಕರಾವಳಿ ನಿಯಂತ್ರಣ ವಲಯದ ನಿಯಮಗಳಲ್ಲೂ ಹವಳ ಇರೋ ಜಾಗ ಅತಿ ಸೂಕ್ಷ್ಮ ವರ್ಗಕ್ಕೆ ಸೇರುತ್ತೆ.

ಆದ್ರೆ ಬಂಡೀಪುರದಲ್ಲಿ ಸಫಾರಿ ಜೀಪ್‌ನಿಂದ ಇಳಿದು ಜಿಂಕೆಗೆ ಬಿಸ್ಕೆಟ್ ಹಾಕೋಕೆ ಬಿಡ್ತಾರಾ? ಅಲ್ಲಿ ಗೇಟ್ ಇದೆ, ಟಿಕೆಟ್ ಇದೆ, ವಾಹನಗಳಿಗೆ ಮಿತಿ ಇದೆ, ಗಾರ್ಡ್ ಇದ್ದಾರೆ. ನೀರೊಳಗೆ ನೋಡೋರು ಯಾರು? ಜಾತಿಗೆ ರಕ್ಷಣೆ ಕೊಟ್ಟು ಜಾಗಕ್ಕೆ ಕಾವಲು ಕೊಡದಿದ್ರೆ ಕಾನೂನು ದಡದಲ್ಲೇ ಉಳಿಯುತ್ತೆ.

ಇದು ಆಗದ ಕೆಲಸ ಏನಲ್ಲ. ಕೆರಿಬಿಯನ್‌ನ ಪುಟ್ಟ ದ್ವೀಪ ಬೊನೇರ್ 1979ರಲ್ಲೇ ಸುತ್ತಲಿನ ಸಮುದ್ರವನ್ನ ಉದ್ಯಾನ ಮಾಡಿತು. ದೋಣಿಗಳು ಲಂಗರು ಎಸೆಯೋ ಬದಲು ತೇಲುಬುರುಡೆಗೆ ಹಗ್ಗ ಕಟ್ಟಬೇಕು, ಡೈವರ್‌ಗಳು ಶುಲ್ಕ ಕಟ್ಟಬೇಕು. ಮಲೇಷ್ಯಾದ ಸಿಪಾದಾನ್‌ನಲ್ಲಿ ದ್ವೀಪದ ಮೇಲಿದ್ದ ರೆಸಾರ್ಟ್‌ಗಳನ್ನ ತೆರವು ಮಾಡಿ, ದಿನಕ್ಕೆ ಇಷ್ಟೇ ಜನ ಅಂತ ಮಿತಿ ಹಾಕಿದರು. ನಮ್ಮಲ್ಲೂ ಮನ್ನಾರ್ ಕೊಲ್ಲಿಯ 21 ದ್ವೀಪಗಳು 1986ರಿಂದ ಸಾಗರ ರಾಷ್ಟ್ರೀಯ ಉದ್ಯಾನ.

ಹಾಗಂತ ಬೇಲಿ ಹಾಕಿ ಎಲ್ಲರನ್ನೂ ಹೊರಗಿಡೋದು ಪರಿಹಾರ ಅಲ್ಲ. ಅದರ ಏಟು ಮೊದಲು ಬೀಳೋದು ಸಣ್ಣ ದೋಣಿಯ ಮೀನುಗಾರರಿಗೆ, ಆಮೇಲೆ ಡೈವಿಂಗ್‌ನಿಂದ ಹೊಟ್ಟೆ ಹೊರೆಯೋ ಸ್ಥಳೀಯ ಹುಡುಗರಿಗೆ. ನಿಯಮ ಮಾಡೋ ಮೇಜಿನಲ್ಲಿ ಅವರಿಗೆ ಕುರ್ಚಿ ಇರಬೇಕು, ಸಂಗ್ರಹ ಆಗೋ ಶುಲ್ಕದಲ್ಲಿ ಅವರಿಗೆ ಪಾಲೂ ಇರಬೇಕು.

ಬುಕ್ ಮಾಡೋ ಮುಂಚೆ ಕೇಳಿ

- ಒಬ್ಬ ತರಬೇತುದಾರರಿಗೆ ನೀರೊಳಗೆ ಎಷ್ಟು ಜನ? ಮೊದಲ ಸಲ ಇಳಿಯೋರಿಗೆ ಒಬ್ಬರಿಗೊಬ್ಬರು ಇದ್ರೆ ಒಳ್ಳೇದು.
- ದೋಣಿಯಲ್ಲಿ ತುರ್ತು ಆಕ್ಸಿಜನ್, ಪ್ರಥಮ ಚಿಕಿತ್ಸೆ, ಲೈಫ್ ಜಾಕೆಟ್ ಇದೆಯಾ?
- ಲಂಗರು ಹಾಕೋದು ಎಲ್ಲಿ, ಹವಳದ ಮೇಲಾ, ಮರಳಿನ ಮೇಲಾ?
- ಮೀನಿಗೆ ತಿಂಡಿ ಹಾಕ್ತೀರಾ? ‘ಹೌದು’ ಅಂದ್ರೆ ಬೇರೆ ಕಡೆ ನೋಡಿ.

ನೀರೊಳಗೆ ಏನನ್ನೂ ಮುಟ್ಟಬೇಡಿ, ಯಾವುದರ ಮೇಲೂ ನಿಲ್ಲಬೇಡಿ. ಸನ್‌ಸ್ಕ್ರೀನ್ ಬದಲು ಉದ್ದ ತೋಳಿನ ಬಟ್ಟೆ ಹಾಕ್ಕೊಳ್ಳಿ.

ಇನ್ನೊಂದು ಸಲ ಹೋಗ್ತೀನಿ. ಈ ಸಲ ಕೋರ್ಸ್ ಮಾಡ್ಕೊಂಡು, ನೀರಲ್ಲಿ ಅಲುಗಾಡದೆ ತೇಲೋದನ್ನ ಈಜುಕೊಳದಲ್ಲಿ ಕಲಿತು. ಫೋಟೋ ತೆಗೆಸಿಕೊಳ್ಳೋ ಪ್ಲಾನ್ ಮಾತ್ರ ಇಲ್ಲ.